ಮೋಜಣಿದಾರನ ಎಡೆ

ಡಿಸೆಂಬರ್ 19, ಶುಕ್ರವಾರ. ಎಳ್ಳಮಾವಾಸ್ಯೆ

ಅಳತೆ ಮಷೀನು ರೋವರಿನ ಬ್ಯಾಟರಿ ಮತ್ತೆ ಕೈಕೊಟ್ಟಿತು. ನನ್ನ ಸಹಾಯಕ ಶಂಕ್ರಪ್ಪ ಹುನಗುಂದಕ್ಕೆ ಹೋಗಿ ಚಾರ್ಜ್ ಮಾಡಿಸಿ ತರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಆಮೇಲೆ ಕಾರಿಮಡ್ಡಿ.

ಇದೊಂದೇ ಊರು ಬಾಕಿ. ಉಳಿದ ಊರುಗಳನ್ನೆಲ್ಲ ಅಳೆದು, ಬ್ರಿಟಿಷರ ಕಾಲದ ಅಳತೆಗೆ ತಾಳೆ ನೋಡಿ, ನಕ್ಷೆ ಕೊಟ್ಟಾಗಿದೆ. ಬಿಲ್ಲೂ ಕೊಟ್ಟಾಗಿದೆ. ಒಂದೂವರೆ ವರ್ಷದ ದುಡಿಮೆ — ಒಂದು ಪೈಸೆ ಬಂದಿಲ್ಲ. ಲೈಸೆನ್ಸ್ ಸರ್ವೆಯರ್ ಅಂದರೆ ಸರಕಾರದ ಕೆಲಸ ಮಾಡುವ, ಆದರೆ ಸರಕಾರದ ಪಗಾರ ಇಲ್ಲದ ಜಾತಿ. ಕಾರಿಮಡ್ಡಿಯಲ್ಲಿ ಮೂರು ಊರಿನ ಗಡಿ ಕೂಡುವ ಒಂದು ಕಲ್ಲಿದೆ. ಅದರ ಫೋಟೋ ಹೋದರೆ ಫೈಲು ಮುಚ್ಚುತ್ತದೆ.

ಕಲ್ಲು ಸಿಕ್ಕಿತು. ದೊಡ್ಡ ಬೇವಿನ ಮರದ ಬುಡದಲ್ಲಿ, ಮೈಗೆಲ್ಲ ಸುಣ್ಣ, ಹಣೆಗೆ ಕುಂಕುಮ. ಮುಂದೆ ಎಲೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಮೊಸರು. ಇವತ್ತು ಚರಗ, ಹೊಲದಲ್ಲಿ ಎಡೆ ಇಡುವುದು, ಚೆಲ್ಲುವುದು ಎಲ್ಲ ಕಡೆ ಉಂಟು. ಸರ್ವೆ ಕಲ್ಲಿಗೆ ಎಡೆ ಇಟ್ಟದ್ದನ್ನು ನಾನು ಈವರೆಗೆ ನೋಡಿಲ್ಲ.

ರೋವರ್ ಹಿಡಿದೆ. ಕಲ್ಲು ಹಳೆ ನಕ್ಷೆಯ ಜಾಗದಲ್ಲಿಲ್ಲ. ಮತ್ತೊಮ್ಮೆ ಹಿಡಿದೆ. ಇಲ್ಲ. ಇರಬೇಕಾದದ್ದು ಇಪ್ಪತ್ತು ಮೀಟರಿನಷ್ಟು ಆಚೆ, ಜೋಳದ ಬೆಳೆಯ ನಡುವೆ.

ಹೊಲದ ಒಡತಿ ಸುನಂದಕ್ಕ. ಅರವತ್ತು ದಾಟಿರಬೇಕು. ನಮ್ಮನ್ನು ಕೂರಿಸಿ ಬುತ್ತಿ ಬಿಚ್ಚಿದರು. ಬೇಡ ಎಂದರೆ ಕೇಳಲಿಲ್ಲ.

"ಇದು ಮೋಜಣಿದಾರನ ಎಡಿ ತಂಗಿ. ಇಂಗ್ರೇಜರ ಕಾಲದಾಗ ಈ ಕಲ್ಲ ನೆಟ್ಟಾವ ಅಂವ. ಊರು ಅಳದ, ಸರಕಾರ ಅವಗ ರೊಕ್ಕ ಕೊಡಲಿಲ್ಲಂತ. ಅದಕ ಈ ಊರಿಗೆ ಮೋಜಣಿ ಮಂದಿ ಯಾರ ಬಂದ್ರೂ ಉಣ್ಣಸದ ಕಳಸಂಗಿಲ್ಲ ನಾವು."

"ಕಲ್ಲು ಈ ಮರದ ಕೆಳಗ ಹೆಂಗ ಬಂತ್ರಿ ಅಕ್ಕಾರ?"

"ಬಿಸಲಾಗ ನಿಂತಿತ್ತು. ಪಾಪ, ಮೊದಲ ಪಗಾರ ಇಲ್ಲದ ಮನಷ್ಯಾ, ಮ್ಯಾಲ ಬಿಸಲು ಯಾಕಂತ ನಮ್ಮ ಹಿರ್ಯಾರು ನೆಳ್ಳಿಗೆ ತಂದು ನಿಂದರಿಸಿದ್ರಂತ."

ನಗು ಬಂತು, ತಡೆದೆ. ಶಂಕ್ರಪ್ಪ ತಡೆಯಲಿಲ್ಲ. "ಬಾಯಾರ, ನಾವೂ ಪಗಾರ ಇಲ್ಲದಾವರ. ಇನ್ನೊಂದು ಹೋಳಿಗಿ ಕೇಳ್ರಿ" ಎಂದ. ಹೋಳಿಗೆ ಚೆನ್ನಾಗಿತ್ತು. ಎರಡು ತಿಂದೆ.

ಡಿಸೆಂಬರ್ 22, ಸೋಮವಾರ

ಬಾಗಲಕೋಟೆ. ನವನಗರದ ಸರ್ವೆ ಆಫೀಸಿನಲ್ಲಿ ಮಹೇಶ್ವರಿ ಮೇಡಂ ಫೋಟೋ ನೋಡಿದರು, ನನ್ನ ಅಳತೆ ನೋಡಿದರು, ಕನ್ನಡಕ ತೆಗೆದಿಟ್ಟರು. ನಮ್ಮ ಫೈಲುಗಳೆಲ್ಲ ಅವರ ಮೇಜು ದಾಟಿಯೇ ಮೇಲೆ ಹೋಗಬೇಕು.

"ಕಲ್ಲು ನೆಳ್ಳಿಗೆ ಹೋಗೇತಿ ಅಂತ ಬರೀಲಿ ಏನ್ರಿ ಸುಲ್ತಾನಾ?"

ಬರೆಯಲಾಗುವುದಿಲ್ಲ. ಕಲ್ಲು ಸರಿದಿದೆ ಎಂದು ಪಂಚನಾಮೆ ಆಗಬೇಕು. ಅಕ್ಕಪಕ್ಕದ ಹೊಲದವರು ಒಪ್ಪಿ ಸಹಿ ಮಾಡಬೇಕು. ಆಮೇಲೆ ಕಲ್ಲನ್ನು ಹಳೆ ಜಾಗದಲ್ಲಿ ನೆಟ್ಟು ಫೋಟೋ. ಒಂದು ಕಲ್ಲು ತಪ್ಪಿದರೆ ಅಷ್ಟೂ ಊರಿನ ಫೈಲು ನಿಲ್ಲುತ್ತದಂತೆ. ಬಿಲ್ಲೂ.

"ಮಾರ್ಚ್ ಕಡೀಕ ಅನುದಾನ ವಾಪಸ್ ಹೋಗ್ತದ ನೋಡ್ರಿ. ಆಮ್ಯಾಲ ನಾನೂ ಏನೂ ಮಾಡಾಕ ಬರಂಗಿಲ್ಲ." ಬೈಯೋಣವೆಂದರೆ ಅವರ ಮುಖದಲ್ಲಿ ನನಗಿಂತ ಹೆಚ್ಚು ದಣಿವು. ಬೈಯಲಿಲ್ಲ.

ರೋವರ್ ಸಾಲದ ಮೇಲಿದೆ, ಕಂತು ಎರಡು ಬಾಕಿ. ಅದು ಹೋದರೆ ನಾನು ಸರ್ವೆಯರ್ ಅಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂತು ಬೇರೆಯವರ ಅರ್ಜಿ ಬರೆದುಕೊಡುವವಳು. ಅದನ್ನೂ ಮಾಡಿದ್ದೇನೆ, ಎರಡು ವರ್ಷ. ಮತ್ತೆ ಬೇಡ.

ಬಸ್ಸಿನಿಂದ ಅಣೆಕಟ್ಟಿನ ಹಿನ್ನೀರು ಕಂಡಿತು. ಮುಳುಗಿದ ಹೊಲಗಳಲ್ಲಿ ಗಡಿ ಕಲ್ಲುಗಳು ಇನ್ನೂ ನಿಂತಿರಬೇಕು. ಅವನ್ನು ನೆಟ್ಟವರ ಬಿಲ್ಲು ಪಾಸಾಗಿತ್ತೋ ಇಲ್ಲವೋ... ಇಳಕಲ್ಲಿನ ಮನೆ ಮುಟ್ಟುವವರೆಗೂ ಇದೇ ಯೋಚನೆ.

ಡಿಸೆಂಬರ್ 28, ಭಾನುವಾರ

ಯಾರಿರಬಹುದು ಆ ಮೋಜಣಿದಾರ?

ನಿನ್ನೆ ಕಾರಿಮಡ್ಡಿಯಲ್ಲಿ ಕಂಡವರನ್ನೆಲ್ಲ ಕೇಳಿದೆ. ಹೋಟೆಲಿನವನು ಹೇಳಿದ — ಬಿಳಿ ಸಾಹೇಬ, ಕುದುರೆ ಇತ್ತು, ಕೋಳಿ ತಿನ್ನುತ್ತಿದ್ದ. ಸೊಸೈಟಿ ಕಟ್ಟೆಯ ಮೇಲಿದ್ದವರು ಹೇಳಿದರು — ಧಾರವಾಡ ಕಡೆಯ ಆಚಾರಿ, ಯಾರ ಮನೆಯ ನೀರೂ ಮುಟ್ಟುತ್ತಿರಲಿಲ್ಲ, ಬಾಳೆಹಣ್ಣು ತಿಂದೇ ಊರು ಅಳೆದ. ಆಚೆ ಹೊಲದ ರಾಜಮಹ್ಮದ ಹೇಳಿದ್ದು ಬೇರೆ: "ಸಾಹೇಬ ಅಂದ್ರ ಬಿಳೇರಾ ಆಗಬೇಕೇನ್ರಿ? ನಮ್ಮಾವ ಅಂವ. ಸಾಬ." ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರೂ ಒಪ್ಪುವ ಮಾತು ಒಂದೇ. ಅವನಿಗೆ ದುಡ್ಡು ಸಿಗಲಿಲ್ಲ.

ಅಮ್ಮನಿಗೆ ಹೇಳಿದೆ. ನಮ್ಮಮ್ಮ ಅಮೀನಬಿಯವರ ತೀರ್ಪು ಬೇಗ ಬರುತ್ತದೆ. "ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದನಂತ. ನಿನ್ನ ಬಿಲ್ಲ ನೋಡಿಕೊ. ಸತ್ತಾವನ ಬಿಲ್ಲ ನಿನಗ್ಯಾಕ?"

ಖರೆ. ಆದರೂ ಕುತೂಹಲ ಬಿಡುತ್ತಿಲ್ಲ. ಅವನು ನೆಟ್ಟ ಉಳಿದ ಕಲ್ಲುಗಳನ್ನು ನೋಡಿದ್ದೇನಲ್ಲ — ಅಡ್ಡಾದಿಡ್ಡಿ ಮಡ್ಡಿಯಲ್ಲಿ, ಕಬ್ಬಿಣದ ಸರಪಳಿ ಎಳೆದು, ಎಷ್ಟು ಚೊಕ್ಕ ಕೆಲಸ. ಅಂಥವನು ಕಲ್ಲು ತಪ್ಪಾಗಿ ನೆಡುವುದಿಲ್ಲ.

ಪಕ್ಕದ ಮನೆಯ ಮಗ್ಗಕ್ಕೆ ಇವತ್ತೂ ರಜೆ ಇಲ್ಲ, ಒಂದೇ ಸಮ ಸದ್ದು. ತಲೆ ನೋವು.

ಜನವರಿ 9, ಶುಕ್ರವಾರ

ನೆರಳಿನ ಕಥೆ ಸುಳ್ಳು!

ರಾಚಯ್ಯಜ್ಜನ ಜೊತೆ ಮಾತಾಡಿದೆ. ಊರಿನ ಮಠದ ಅಯ್ಯನವರು, ಎಂಬತ್ತೈದರ ಮೇಲೆ. ಕಿವಿ ಮಂದ, ನೆನಪು ಮಂದ ಅಲ್ಲ. ಬೇವಿನ ಮರ ಎಷ್ಟು ಹಳೆಯದು ಎಂದು ಸುಮ್ಮನೆ ಕೇಳಿದೆ.

"ಆ ಬೇವಿನ ಗಿಡಾ? ಅದನ್ನ ಸುನಂದಾನ ಮಾವ ಹಚ್ಚಿದ್ದು. ನಾ ಸಣ್ಣಾವಿದ್ದೆ. ನೀರು ಹೊತ್ತು ಹಾಕೇನಿ ಅದಕ್ಕ."

"ಕಲ್ಲು ಅಜ್ಜಾರ?"

"ಕಲ್ಲು ಮೊದಲ ಇತ್ತು. ಕಲ್ಲಿಗೆ ನೆಳ್ಳಾಗಲಿ ಅಂತನ ಗಿಡಾ ಹಚ್ಚಿದ್ರು."

ಅಂದರೆ ಕಲ್ಲು ಅಲ್ಲಿಗೆ ಬಂದಾಗ ಮರವೇ ಇರಲಿಲ್ಲ. ಒಂದು ಬಿಸಿಲಿನಿಂದ ಕಿತ್ತು ಇನ್ನೊಂದು ಬಿಸಿಲಲ್ಲಿ ನೆಟ್ಟಿದ್ದಾರೆ. ಯಾಕೆ? ನೆಲದ ಆಸೆಗೋ? ಸಿಗುವುದು ಒಂದು ಪಟ್ಟಿ ಮಡ್ಡಿ ನೆಲ. ಆ ಕಾಲದಲ್ಲಿ ಅದನ್ನು ಪುಕ್ಕಟೆ ಕೊಟ್ಟರೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ ಎನ್ನುತ್ತಾನೆ ಶಂಕ್ರಪ್ಪ. ನನಗೂ ಹಾಗೇ ಅನಿಸುತ್ತದೆ.

ಜನವರಿ 17, ಶನಿವಾರ

ಸುನಂದಕ್ಕನನ್ನು ನೇರವಾಗಿ ಕೇಳಿದೆ. ಕೇಳಬಾರದಿತ್ತೇನೋ.

ರೊಟ್ಟಿ ಬಡಿಯುತ್ತಿದ್ದರು. ಕೈ ನಿಂತಿತು. "ಹಿರ್ಯಾರ ಸುದ್ದಿ ನಮಗ್ಯಾಕ ತಂಗಿ" ಎಂದು ಮತ್ತೆ ಬಡಿದರು. ಪಂಚನಾಮೆಯ ಮಾತು ಎತ್ತಿದೆ. ಹೊಲ ಅವರ ಹೆಸರಿನಲ್ಲೇ ಇದೆ, ಸಹಿ ಅವರದೇ ಬೇಕು. ಕಲ್ಲು ಹಳೆ ಜಾಗಕ್ಕೆ ಹೋದರೆ ಒಂದು ಪಟ್ಟಿ ನೆಲ, ಬೇವಿನ ಮರ ಸಮೇತ, ರಾಜಮಹ್ಮದನ ಕಡೆ ಹೋಗುತ್ತದೆ. ಮುಚ್ಚಿಡದೆ ಹೇಳಿದೆ.

"ಮಗನ್ನ ಕೇಳಬೇಕು" ಎಂದರು. ಆಮೇಲೆ ಊಟಕ್ಕೆ ಹಾಕಿದರು. ಎರಡೆರಡು ಸಲ ಬಡಿಸಿದರು. ಮುಖ ಮಾತ್ರ ನೋಡಲಿಲ್ಲ.

ರಾಜಮಹ್ಮದನನ್ನೂ ಕಂಡೆ. "ಆಯಿ ಸಹಿ ಮಾಡಿದ್ರ ನಾನೂ ಮಾಡ್ತೇನಿ. ಮೊದಲ ನಾ ಮಾಡಿದ್ರ ನೆಲ ಕಸಗೊಂಡಂಗ ಆಗ್ತದ್ರಿ. ನಾವು ಒಬ್ಬರ ಮನಿ ಮಜ್ಜಿಗಿ ಒಬ್ಬರು ಕುಡದಾವರು."

ಎಲ್ಲ ಸುನಂದಕ್ಕನ ಕೈಯಲ್ಲಿ.

ಫೆಬ್ರವರಿ 1, ಭಾನುವಾರ

ಬಾದಾಮಿ. ಸುನಂದಕ್ಕನ ಮಗ ಚೇತನಕುಮಾರ ಇಲ್ಲಿ ಹೈಸ್ಕೂಲ್ ಮಾಸ್ತರ, ಇತಿಹಾಸ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂರಿಸಿ ಗಿರಮಿಟ್, ಚಹಾ ಹೇಳಿದರು. ಜಗಳಕ್ಕೆ ತಯಾರಾಗಿ ಹೋಗಿದ್ದೆ. ಮನುಷ್ಯ ಮೆತ್ತಗೆ.

"ಮೇಡಂ, ನಿಮ್ಮ ಬಿಲ್ಲಿಗೆ ನಮ್ಮ ನೆಲ ಯಾಕ ಹೋಗಬೇಕು, ನೀವ ಹೇಳ್ರಿ."

ನ್ಯಾಯವಾದ ಪ್ರಶ್ನೆ. ಗಿರಮಿಟ್ ತಿಂದೆ.

ಚಹಾ ಬಂದ ಮೇಲೆ ಅವರೇ ಹೇಳಿದರು. "ನೆಲದ ಮಾತಲ್ಲ, ಖರೆ ಹೇಳತೇನಿ. ಪ್ರತಿ ವರ್ಷ ಹುಡುಗುರನ್ನ ಕರಕೊಂಡು ಹೋಗಿ ಶಾಸನ ತೋರಸ್ತೇನಿ. ಭೂಮಿ ಕಸಕೊಂಡಾವ ಅರವತ್ತು ಸಾವಿರ ವರ್ಷ ಹುಳಾ ಆಗಿ ಹುಟ್ಟತಾನ ಅಂತ ಓದಿ ಹೇಳತೇನಿ. ಈಗ ಕಲ್ಲು ಕಿತ್ತಾವರು ನಮ್ಮ ಹಿರ್ಯಾರು ಅಂತ ಸರಕಾರಿ ಕಾಗದದಾಗ ಬರದು, ನಮ್ಮವ್ವ ಸಹಿ ಮಾಡಬೇಕಾ?"

"ಯಾಕ ಕಿತ್ತರು ಅಂತ ನಿಮಗ ಗೊತ್ತೇನ್ರಿ?"

"ನನಗ ಗೊತ್ತಿಲ್ಲ. ಅವ್ವಗ ಗೊತ್ತೈತಿ. ನಾ ಎಂದೂ ಕೇಳಿಲ್ಲ."

ಇತಿಹಾಸದ ಮಾಸ್ತರ, ಮನೆಯ ಇತಿಹಾಸ ಕೇಳಿಲ್ಲ. ಬಾಯಿಗೆ ಬಂತು, ನುಂಗಿದೆ. ಚಹಾದ ದುಡ್ಡು ಅವರೇ ಕೊಟ್ಟರು.

ಫೆಬ್ರವರಿ 24, ಮಂಗಳವಾರ

ಬರೆಯಲು ಮನಸ್ಸಾಗಿರಲಿಲ್ಲ. ರಂಜಾನಿನ ರೋಜಾ ಶುರುವಾಗಿದೆ. ಬೇಸಿಗೆಯೂ.

ಬ್ಯಾಂಕಿನ ಏಜೆಂಟ್ ಮನೆಗೇ ಬಂದ. ಮಾರ್ಚ್ ಮುಗಿಯುವುದರೊಳಗೆ ಬಾಕಿ ಕಟ್ಟದಿದ್ದರೆ ಮಷೀನು ಒಯ್ಯುತ್ತಾನೆ. ಒಳ್ಳೆಯ ಮಾತಿನಲ್ಲೇ ಹೇಳಿದ, ಒಂದು ಲೋಟ ನೀರು ಕೇಳಿ ಕುಡಿದ. ಅಮ್ಮ ಒಳಗೆ ಹೋಗಿ ಅತ್ತಳು. ನಾನು ಹೊರಗೆ ನಿಂತು ಸಿಟ್ಟಾದೆ.

ಆಫೀಸಿಗೆ ಮತ್ತೊಂದು ಅರ್ಜಿ ಬರೆದೆ. "ಈ ಹಿಂದೆ ಸಲ್ಲಿಸಿದ ಮನವಿಗಳನ್ನು ಪರಿಶೀಲಿಸಿ..." ಬರೆಯುತ್ತಾ ಬರೆಯುತ್ತಾ ಆ ಮೋಜಣಿದಾರನ ನೆನಪು. ಅವನೂ ಹೀಗೇ ಬರೆದಿರಬೇಕು. ಮೋಡಿ ಲಿಪಿಯಲ್ಲೋ ಇಂಗ್ಲಿಷಿನಲ್ಲೋ. ಮನೆಯಲ್ಲಿ ಅವನಿಗೂ ಯಾರೋ ಒಬ್ಬರು ಅತ್ತಿರಬೇಕು. ಮೊದಲೆಲ್ಲ ಅವನ ಜಾತಿ ಯಾವುದು, ಕುದುರೆ ಇತ್ತೋ ಇಲ್ಲವೋ ಎಂಬ ಕುತೂಹಲ ಇತ್ತು. ಈಗ ಒಂದೇ ಕುತೂಹಲ. ಎಷ್ಟು ಸಲ ಕೇಳಿದ? ಯಾವಾಗ ಕೇಳುವುದು ಬಿಟ್ಟ?

ಶಂಕ್ರಪ್ಪ ಹಾದಿ ತೋರಿಸಿದ. "ಸುಳ್ಳ ಸಹಿ ನಾ ಹಾಕ್ತೇನ್ರಿ ಬಾಯಾರ. ಯಾರಿಗೆ ಗೊತ್ತಾಗತೈತಿ? ಸರಕಾರದ ಕೆಲಸ ದೇವರ ಕೆಲಸ ಅಂತಾರ. ದೇವರು ಎಂದರ ಪಗಾರ ಕೊಟ್ಟಾನೇನ್ರಿ?"

ಅವನಿಗೂ ನಾನೇ ಕೂಲಿ ಕೊಡಬೇಕು. ಐದು ತಿಂಗಳಾಯಿತು. ಬೇಡ ಎಂದೆ. ಕೂಡಲೇ ಹೇಳಿದೆ ಎಂದು ಇಲ್ಲಿ ಬರೆದುಕೊಂಡರೆ ಸುಳ್ಳಾಗುತ್ತದೆ. ಯೋಚಿಸಿ ಹೇಳಿದೆ.

ಮಾರ್ಚ್ 12, ಗುರುವಾರ

ಗೊತ್ತಾಯಿತು. ಹೇಗೆ ಬರೆಯಲಿ...

ಕೊನೆಯ ಸಲ ಕೇಳಿ ನೋಡೋಣ ಎಂದು ಒಬ್ಬಳೇ ಹೋದೆ. ಮಧ್ಯಾಹ್ನ ದಾಟಿತ್ತು. ಸುನಂದಕ್ಕ ಎಂದಿನಂತೆ ತಾಟು ಇಟ್ಟರು.

"ರೋಜಾ ಐತ್ರಿ ಅಕ್ಕಾರ. ಹೊತ್ತು ಮುಳುಗೋತನಕ ಏನೂ ತಗೊಳ್ಳಂಗಿಲ್ಲ."

ಅವರಿಗೆ ದಿಕ್ಕೇ ತೋಚಲಿಲ್ಲ. ತಾಟು ಎತ್ತಿದರು, ಮತ್ತೆ ಇಟ್ಟರು. ಉಣ್ಣಿಸದೆ ಕಳಿಸುವ ಹಾಗಿಲ್ಲ, ನಾನು ಉಣ್ಣುವ ಹಾಗಿಲ್ಲ. "ಹಂಗಾದ್ರ ಹೊತ್ತು ಮುಳಗೂತನಕ ಕೂಡು" ಎಂದರು. ಕೂತೆ. ಇಬ್ಬರೂ ಬೇವಿನ ಕೆಳಗೆ, ನಡುವೆ ಮುಚ್ಚಿದ ತಾಟು, ಪಕ್ಕದಲ್ಲಿ ಕಲ್ಲು. ಊಟ ಬಡಿಸುವ ಕೆಲಸ ಇಲ್ಲದೆ ಅವರ ಕೈ ಸುಮ್ಮನಿದ್ದದ್ದನ್ನು ಇವತ್ತೇ ನೋಡಿದ್ದು. ಆಮೇಲೆ ಅವರೇ ಶುರು ಮಾಡಿದರು. ಅತ್ತೆ ಸಾಯುವ ಮುಂದೆ ಹೇಳಿದ್ದಂತೆ.

ಮೋಜಣಿದಾರ ಒಂದು ಬೇಸಿಗೆಯೆಲ್ಲ ಊರು ಅಳೆದ. ಅಳತೆ ಮುಗಿದರೆ ಸಾರಾ, ಭೂಮಿಯ ಕಂದಾಯ, ಏರುತ್ತದೆ ಎಂದು ಊರಿಗೆ ಹೆದರಿಕೆ. ಅವನ ಕೆಲಸ ತಪಾಸಣೆ ಮಾಡಲು ಮೇಲಿನ ಸಾಹೇಬ ಬರುವವನಿದ್ದ. ಅವನು ಬರುವ ಮುಂಚೆ ಹಿರಿಯರು ಕೂಡಿ ಈ ಕಲ್ಲು ಕಿತ್ತು ಇಲ್ಲಿ ನೆಟ್ಟರು. ಅಳತೆ ತಪ್ಪೆಂದಾದರೆ ಸಾರಾ ನಿಲ್ಲುತ್ತದೆ ಎಂಬ ಲೆಕ್ಕಾಚಾರ. ಮೇಲಿನ ಸಾಹೇಬ ನೋಡಿದ, ಕಲ್ಲು ತಪ್ಪಿದೆ ಎಂದ, ಮೋಜಣಿದಾರನ ಬಿಲ್ಲು ತಡೆಹಿಡಿದ.

"ಸಾರಾ?" ಎಂದೆ.

"ಸಾರಾ ಏರಿತು. ಅದೇನ್ ಬಿಡತೈತಿ."

ಮೋಜಣಿದಾರ ಮರಳಿ ಬಂದನಂತೆ. ಕಲ್ಲು ನಾನು ಸರಿಯಾಗಿಯೇ ನೆಟ್ಟಿದ್ದೆ, ಆಮೇಲೆ ಸರಿದಿದೆ, ಇಷ್ಟು ಬರೆದು ಸಹಿ ಮಾಡಿಕೊಡಿ ಎಂದು ಹಿರಿಯರನ್ನು ಕೇಳಿದ. ಬರೆದುಕೊಟ್ಟರೆ ತಾವೇ ಸಿಕ್ಕಿಬೀಳುತ್ತೇವೆ ಎಂದು ಇವರಿಗೆ ಭಯ. ಇಲ್ಲ ಎನ್ನಲಿಕ್ಕೂ ಮುಖ ಇಲ್ಲ. "ಉಂಡು ಹೋಗ್ರಿ ಸಾಹೇಬ್ರ" ಎಂದರು. ಉಂಡು ಹೋದ. ಮರುವರ್ಷ ಬಂದ. ಮತ್ತೆ ಊಟ. ಪ್ರತಿ ವರ್ಷವೂ ಸುಗ್ಗಿ ಮುಂದೆ ಬರುತ್ತಿದ್ದ, ಪ್ರತಿ ವರ್ಷವೂ ಹೋಳಿಗೆ. ಒಂದು ವರ್ಷ ಬರಲಿಲ್ಲ. ಅವತ್ತಿನಿಂದ ಕಲ್ಲಿಗೆ ಎಡೆ.

"ನಮ್ಮತ್ತಿ ಹೇಳತಿದ್ಲು, ಅಂವ ಎಂದೂ ಸಿಟ್ಟಾಗಲಿಲ್ಲಂತ. ಉಂಡು, ಕೈ ತೊಳಕೊಂಡು, ಮತ್ತೊಮ್ಮೆ ಕೇಳಿ ಹೋಗತಿದ್ನಂತ."

ಅಳು ಬಂತು, ತಡೆಯಲಿಲ್ಲ. ಸುನಂದಕ್ಕ ನನ್ನ ಕಡೆ ನೋಡದೆ ಕಲ್ಲಿನ ಮೇಲಿನ ಒಣ ಎಲೆ ತೆಗೆಯುತ್ತಿದ್ದರು.

ಹೊತ್ತು ಮುಳುಗಿತು. ದೂರದಿಂದ ಅಜಾನ್. ಚೀಲದಲ್ಲಿದ್ದ ಖರ್ಜೂರ ಬಾಯಿಗೆ ಹಾಕಿಕೊಂಡೆ, ಅವರಿಗೂ ಒಂದು ಕೊಟ್ಟೆ. ನೀರು ಕೊಟ್ಟರು. ತಾಟಿನ ಮುಚ್ಚಳ ತೆಗೆದರು. ರೊಟ್ಟಿ ಕೈಯಲ್ಲಿ ಹಿಡಿದೆ, ಮುರಿಯಲಾಗಲಿಲ್ಲ. ಅವರಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಒತ್ತಾಯ ಮಾಡಲಿಲ್ಲ.

ಸಹಿ ಕೇಳದೇ ಎದ್ದು ಬಂದೆ.

ಮಾರ್ಚ್ 14, ಶನಿವಾರ

ಕೇಳಬೇಕಿತ್ತು. ಮೂರ್ಖಳು ನಾನು.

ಮಾರ್ಚ್ 22, ಭಾನುವಾರ

ಈದ್ ಮುಗಿಯಿತು. ಶಾವಿಗೆಯ ಸುರಕುಂಬಾ ಮಿಕ್ಕಿದೆ. ಅಮ್ಮ ಡಬ್ಬಿಗೆ ತುಂಬಿ ಕಟ್ಟಿದಳು. "ಆ ಸುನಂದವ್ವಗ ಕೊಟ್ಟು ಬಾ. ಆಕಿ ಮನಸ ಕರಗತೈತಿ."

ಕೈಗೆ ತೆಗೆದುಕೊಂಡು ಬಾಗಿಲವರೆಗೆ ಹೋದೆ. ತಿರುಗಿ ಬಂದು ಇಟ್ಟೆ. ಉಣ್ಣಲು ಕೊಟ್ಟು ಲೆಕ್ಕ ಸರಿ ಮಾಡುವ ವಿದ್ಯೆ ಆ ಊರಿಗೆ ಸಾಕು, ನಾನೂ ಕಲಿಯುವುದು ಬೇಡ. ಅಮ್ಮನಿಗೆ ಇದನ್ನು ಹೇಗೆ ಹೇಳಲಿ? ಡಬ್ಬಿ ಶಂಕ್ರಪ್ಪನಿಗೆ ಕೊಟ್ಟೆ. ಖುಷಿಯಾಗಿ ಒಯ್ದ.

ಮಹೇಶ್ವರಿ ಮೇಡಂ ಫೋನ್ ಮಾಡಿದ್ದರು. ಶುಕ್ರವಾರ ಸಂಜೆಯೊಳಗೆ ಪಂಚನಾಮೆ ಬಂದರೆ ಅವತ್ತೇ ಮೇಲೆ ಕಳಿಸುತ್ತಾರಂತೆ. ಆಮೇಲೆ ಇಲ್ಲ. ರಾಜಮಹ್ಮದನಿಗೂ ಸುನಂದಕ್ಕನಿಗೂ ಹೇಳಿಕಳಿಸಿದೆ: ಶುಕ್ರವಾರ ಮಧ್ಯಾಹ್ನ ಬೇವಿನ ಮರದ ಹತ್ತಿರ ಇರುತ್ತೇನೆ. ಬರುವವರು ಬರಲಿ.

ಮಾರ್ಚ್ 26, ಗುರುವಾರ

ಏಜೆಂಟ್ ಫೋನ್. ಸೋಮವಾರ ಬರುತ್ತಾನಂತೆ.

ರೋವರ್ ಒರೆಸಿ ಇಟ್ಟೆ. ಸುಮ್ಮನೆ.

ಮಾರ್ಚ್ 27, ಶುಕ್ರವಾರ. ಮಧ್ಯಾಹ್ನ, ಕಾರಿಮಡ್ಡಿ

ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಬೇರೆ ಕೆಲಸ ಇಲ್ಲ. ಜೋಳ ಕೊಯ್ದು ಹೊಲ ಬರಿದಾಗಿದೆ. ಹಳೆ ಜಾಗದಲ್ಲಿ ಗೂಟ ಹೊಡೆದು ಬಂದೆ. ಶಂಕ್ರಪ್ಪ ಗುದ್ದಲಿ ಪಕ್ಕಕ್ಕಿಟ್ಟು ಮಲಗಿದ್ದಾನೆ. ಪಂಚನಾಮೆ ಬರೆದು ತಯಾರಿದೆ, ಹೆಸರುಗಳ ಮುಂದೆ ಜಾಗ ಖಾಲಿ.

ರಾಜಮಹ್ಮದ ಬಂದ. ಕುರಿ ಮೇಯಲು ಬಿಟ್ಟು ಕೂತ. ಸುನಂದಕ್ಕ ಬರುತ್ತಾರೋ ಎಂದು ಕೇಳಿದೆ. "ಬಂದ್ರೂ ಛಲೋ, ಬರದಿದ್ರೂ ಛಲೋರಿ. ಗಿಡಾ ಯಾರ ಕಡೆ ಆದ್ರೂ ನೆಳ್ಳು ಗಡಿ ಕೇಳತೈತೇನು?" ಇವನಿಗೆ ಮಷೀನಿನ ಸಾಲ ಇಲ್ಲ, ಅದಕ್ಕೇ ಇಷ್ಟು ನಿರಾಳ.

ಬಿಸಿಲು ಇಳಿಯುತ್ತಿದೆ. ಇಲ್ಲಿಂದ ಬಾಗಲಕೋಟೆ ಮುಟ್ಟುವುದು ಯಾವಾಗ...

ಹಾದಿಯಲ್ಲಿ ಬೈಕು. ಬಾದಾಮಿಯ ಮಾಸ್ತರರೇ. ಹಿಂದೆ ಸುನಂದಕ್ಕ.

ಇಳಿದರು. ಮಾಸ್ತರರು ಬೈಕಿನ ಹತ್ತಿರವೇ ನಿಂತರು, ನನಗೆ ನಮಸ್ಕಾರ ಮಾಡಿದರು. ಸುನಂದಕ್ಕ ಬದುವಿನ ಮೇಲೆ ನಡೆದು ಬರುತ್ತಿದ್ದಾರೆ. ಏನೋ ಬದಲಾಗಿದೆ ಅನಿಸಿ ಮತ್ತೆ ನೋಡಿದೆ. ಬುತ್ತಿ ಇಲ್ಲ. ತಲೆಯ ಮೇಲೆ ಇಲ್ಲ, ಕಂಕುಳಲ್ಲೂ ಇಲ್ಲ. ಬರಿಗೈ.

ಶಂಕ್ರಪ್ಪ ಎದ್ದು ಕೂತು ಕೇಳಿಯೇ ಬಿಟ್ಟ. "ಆಯಿ, ಊಟ?"

"ಇವತ್ತ ಊಟ ಇಲ್ಲಪಾ. ಭಾಳ ವರ್ಷ ಉಣಸಿದ್ವಿ." ಕಲ್ಲಿನ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ನನ್ನ ಎದುರು ಕೂತು ಸೆರಗಿನಿಂದ ಕೈ ಒರೆಸಿಕೊಂಡರು. "ಎಲ್ಲಿ ಮಾಡಲಿ ತಂಗಿ? ತೋರಸು."

ಪೆನ್ನು ಕೇಳುತ್ತಿದ್ದಾರೆ. ಯಾರ ಹತ್ತಿರವೂ ಇಲ್ಲ, ಇರುವುದು ನಾನು ಬರೆಯುತ್ತಿರುವ ಇದೊಂ—